ಮೂರು ದ್ವೀಪ, ಒಂದು ದಿನ

ಹಳೆಯ ಕೆಂಪು ಬಣ್ಣದ ಇಪ್ಪತ್ತು ರೂಪಾಯಿಯ ನೋಟು ನಿಮ್ಮ ಮನೆಯಲ್ಲೆಲ್ಲಾದರೂ ಉಳಿದಿದ್ದರೆ ಅದನ್ನೊಮ್ಮೆ ಮಗುಚಿ ನೋಡಿ. ಮುಂಗಡೆಯಲ್ಲಿ ತೆಂಗಿನ ಮರಗಳು, ಆಚೆಗೆ ಸಮುದ್ರ, ಅದರೊಳಕ್ಕೆ ಚಾಚಿಕೊಂಡ ಕಾಡಿನ ದಂಡೆ, ದೂರದಲ್ಲಿ ಒಂದು ದೀಪಸ್ತಂಭ. 2019ರಲ್ಲಿ ಎಲ್ಲೋರದ ಗುಹೆಯ ಚಿತ್ರವುಳ್ಳ ಹೊಸ ನೋಟು ಬಂದಾಗ ನಮ್ಮ ಅಮ್ಮ ಹಳೆಯದೊಂದನ್ನು ಖರ್ಚುಮಾಡದೆ ಸಾಸಿವೆ ಡಬ್ಬಿಯೊಳಗೆ ಇಟ್ಟುಕೊಂಡಿದ್ದರು. ಒಂದು ದಿನ ಅದನ್ನು ನನ್ನ ಮುಂದೆ ಹಿಡಿದು, “ಇದು ಯಾವ ಊರೋ? ಇಷ್ಟು ವರ್ಷ ಕೈಯಲ್ಲಿ ಹಿಡಿದು ಸೊಪ್ಪು ತಂದೆ, ಊರು ಯಾವುದೆಂದು ಕೇಳಲೇ ಇಲ್ಲ” ಎಂದರು. ಕನ್ನಡದಲ್ಲಿ ಎಂ.ಎ. ಮಾಡಿ ಹತ್ತು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನಗೆ ಉತ್ತರ ಗೊತ್ತಿರಲಿಲ್ಲ. ವಿಚಾರಿಸಿ ನೋಡಿದಾಗ ತಿಳಿಯಿತು: ಅದು ಅಂಡಮಾನಿನ ನಾರ್ತ್ ಬೇ, ಮೌಂಟ್ ಹ್ಯಾರಿಯಟ್ ಬೆಟ್ಟದ ಮೇಲೆ ನಿಂತು ನೋಡಿದರೆ ಕಾಣುವ ದೃಶ್ಯ. ಆ ಬೆಟ್ಟಕ್ಕೆ 2021ರಿಂದ ಮೌಂಟ್ ಮಣಿಪುರವೆಂಬ ಹೆಸರು. ನಮ್ಮ ಪ್ರವಾಸದ ಬೀಜ ಬಿದ್ದದ್ದು ಹೀಗೆ, ಸಾಸಿವೆ ಡಬ್ಬಿಯಲ್ಲಿ.

ಬೀಜ ಮೊಳೆಯಲು ನಾಲ್ಕು ವರ್ಷ ಹಿಡಿಯಿತು. ಕೊನೆಗೊಂದು ಡಿಸೆಂಬರಿನ ಕಡೆಯ ವಾರ ನಾವು ನಾಲ್ವರು, ಎಂದರೆ ಅಮ್ಮ, ನಾನು, ನನ್ನಾಕೆ ಮತ್ತು ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳು, ಮೈಸೂರಿನಿಂದ ಹೊರಟು, ಮದರಾಸಿನಲ್ಲಿ ವಿಮಾನವೇರಿ, ಬಂಗಾಳ ಕೊಲ್ಲಿಯ ಮೇಲೆ ಎರಡು ಗಂಟೆ ತೇಲಿ ಪೋರ್ಟ್ ಬ್ಲೇರ್ ಮುಟ್ಟಿದೆವು. ಈ ಊರಿಗೂ 2024ರಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರಾಗಿದೆ. ಆದರೆ ಆಟೋದವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲನ್ನು ಕಂಡು ಎಲ್ಲರೂ ಅರ್ಧ ದಿನ ಮಾತಿಲ್ಲದವರಾದೆವು. ಹಿಂದೆ ರಾಸ್ ದ್ವೀಪವೆನಿಸಿದ್ದು 2018ರಿಂದ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಗಿರುವಲ್ಲಿಗೂ ಹೋಗಿ ಬಂದೆವು. ಅಲ್ಲಿ ಆಂಗ್ಲರ ಬಂಗಲೆಗಳ ಗೋಡೆಗಳನ್ನು ಆಲದ ಬೇರುಗಳು ಅಪ್ಪಿ ಹಿಡಿದಿರುವ ಪರಿಯನ್ನು ಕಂಡರೆ ಕಾಲಪುರುಷನ ಕೈ ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಇನ್ನು ಉಳಿದದ್ದು ಒಂದೇ ದಿನ. ಆ ಒಂದು ದಿನವನ್ನು ಸಮುದ್ರದೊಳಗಿನ ಹವಳವನ್ನು ನೋಡುವುದಕ್ಕೆಂದು ಮೊದಲೇ ಮೀಸಲಿಟ್ಟಿದ್ದೆವು. ಎಲ್ಲಿ ನೋಡುವುದೆಂಬುದನ್ನು ಮಾತ್ರ ತೀರ್ಮಾನಿಸಿರಲಿಲ್ಲ. ತೊಂದರೆ ಹುಟ್ಟಿದ್ದು ಅಲ್ಲಿ.

ಹವಳವನ್ನು ನೋಡುವ ಬಗೆಯನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದಕ್ಕೆ ಸ್ನಾರ್ಕ್‌ಲಿಂಗ್ ಎಂದು ಹೆಸರು. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡವೊಂದನ್ನು ಬಿಗಿದುಕೊಳ್ಳಬೇಕು. ಬಾಯಲ್ಲಿ ಒಂದು ಬಾಗಿದ ಕೊಳವೆ. ಅದರ ಮೇಲ್ತುದಿ ನೀರಿನಿಂದ ಹೊರಗೆ. ಹೀಗೆ ಸಜ್ಜಾಗಿ ಬೋರಲು ಮಲಗಿ ತೇಲಿದರೆ ಮುಖ ನೀರಿನೊಳಗಿದ್ದರೂ ಉಸಿರಾಟ ಹೊರಗಿನ ಗಾಳಿಯಿಂದಲೇ ನಡೆಯುತ್ತದೆ. ಸಿಲಿಂಡರಿನ ಭಾರವಿಲ್ಲ, ಆಳಕ್ಕೆ ಮುಳುಗಬೇಕಾಗಿಲ್ಲ. ಇದರಲ್ಲಿ ಕಲಿಯಬೇಕಾದುದು ಒಂದೇ: ಮೂಗನ್ನು ಮರೆತು ಬಾಯಿಂದ ಉಸಿರಾಡುವುದು. ಹೇಳುವುದಕ್ಕೆ ಎಷ್ಟು ಸುಲಭವೋ ಮಾಡುವುದಕ್ಕೆ ಅಷ್ಟಲ್ಲವೆಂಬುದು ನನಗೆ ತಿಳಿದದ್ದು ಮರುದಿನ.

ವಸತಿಗೃಹದ ವರಾಂಡದಲ್ಲಿ ಆ ಸಂಜೆ ಸಭೆ ಸೇರಿತು. ನಾಲ್ವರಿಗೆ ಮೂರು ಪಕ್ಷ.

ಮೊದಲನೆಯದು ನಾರ್ತ್ ಬೇ. ಅದರ ಪರವಾಗಿ ಅಮ್ಮನ ಬಳಿ ನೋಟೇ ಇತ್ತು. ಊರಿನ ಅಬರ್ದೀನ್ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ದಡದಲ್ಲಿ ಚಹಾ ಸಿಗುತ್ತದೆ, ಊಟ ಸಿಗುತ್ತದೆ, ತಳಕ್ಕೆ ಗಾಜು ಕೂರಿಸಿದ ದೋಣಿ ಸಿಗುತ್ತದೆ. ತಲೆಗೊಂದು ಗಾಜಿನ ಗಡಿಗೆಯಂಥದನ್ನು ಹೊತ್ತು ಸಮುದ್ರದ ನೆಲದ ಮೇಲೆ ನಡೆದಾಡುವ ವ್ಯವಸ್ಥೆಯೂ ಉಂಟು. ಅದನ್ನು ಎಲ್ಲರೂ ದ್ವೀಪವೆಂದೇ ಕರೆಯುತ್ತಾರೆ; ನಿಜವಾಗಿ ಅದು ದಕ್ಷಿಣ ಅಂಡಮಾನಿನದೇ ಒಂದು ಅಂಚು, ಬೆಟ್ಟದ ಕಾಲಬುಡ. ಹೆಸರಿಗೆ ಮಾತ್ರ ದ್ವೀಪ.

ಎರಡನೆಯದು ಹ್ಯಾವ್‌ಲಾಕ್ ದ್ವೀಪದ ಎಲಿಫೆಂಟ್ ಬೀಚು. 2018ರಿಂದ ಆ ದ್ವೀಪದ ಹೆಸರು ಸ್ವರಾಜ್ ದ್ವೀಪ. ಹಿಂದೆ ಅಲ್ಲಿ ಮರ ಎಳೆಯುವುದಕ್ಕೆ ಆನೆಗಳನ್ನು ಇಟ್ಟಿದ್ದರು. ಈ ದಡಕ್ಕೆ ಹೆಸರು ಬಂದದ್ದೂ ಆನೆಗಳಿಂದಲೇ. ಅಲ್ಲಿ ಹವಳ ದಡಕ್ಕೆ ಬಹಳ ಹತ್ತಿರ, ನೀರು ತಿಳಿ. ಮಗಳ ಸಹಪಾಠಿಯೊಬ್ಬಳು ಅಲ್ಲಿ ಮುಖವಾಡ ಧರಿಸಿ ತೆಗೆಸಿಕೊಂಡ ಚಿತ್ರವನ್ನು ಶಾಲೆಯಲ್ಲೆಲ್ಲ ತೋರಿಸಿದ್ದಳಂತೆ. ಇದಕ್ಕಿಂತ ಪ್ರಬಲವಾದ ವಾದ ಹನ್ನೊಂದು ವರ್ಷದವರಿಗೆ ಬೇರೊಂದಿಲ್ಲ.

ಮೂರನೆಯದು ನನ್ನದು: ಜಾಲಿ ಬಾಯ್. ಊರಿನಿಂದ ಸುಮಾರು 30 ಕಿಲೋಮೀಟರ್ ದೂರದ ವಂಡೂರಿಗೆ ರಸ್ತೆಯಲ್ಲಿ ಹೋಗಿ, ಅಲ್ಲಿಂದ ಮುಂದೆ ಒಂದು ಗಂಟೆಯಷ್ಟು ದೋಣಿಯಲ್ಲಿ ಸಾಗಿದರೆ ಸಿಗುವ ಪುಟ್ಟ ದ್ವೀಪ. 1983ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ 15 ದ್ವೀಪಗಳಲ್ಲಿ ಅದೂ ಒಂದು. ಉದ್ಯಾನದ ಒಟ್ಟು ವಿಸ್ತಾರ 281.5 ಚದರ ಕಿಲೋಮೀಟರ್. ಅಲ್ಲಿ ಜನವಸತಿಯಿಲ್ಲ, ಅಂಗಡಿಯಿಲ್ಲ, ರಾತ್ರಿ ತಂಗಲು ಅಪ್ಪಣೆಯಿಲ್ಲ. ಅರಣ್ಯ ಇಲಾಖೆಯ ಪರವಾನಗಿ ಬೇಕು. ಇಷ್ಟೊಂದು “ಇಲ್ಲ”ಗಳಿರುವ ಸ್ಥಳದಲ್ಲಿ ನೋಡತಕ್ಕದ್ದು ಏನೋ ಇದ್ದೇ ಇರಬೇಕೆಂಬುದು ನನ್ನ ತರ್ಕ.

ನನ್ನಾಕೆ ಯಾವ ಪಕ್ಷಕ್ಕೂ ಸೇರಲಿಲ್ಲ. “ಎಲ್ಲಿಗಾದರೂ ಹೋಗೋಣ. ನೀರಿಗೆ ಇಳಿಯುವವರು ಎಷ್ಟು ಜನವೋ ಹತ್ತುವವರೂ ಅಷ್ಟೇ ಜನ ಇರಬೇಕು” ಎಂದಳು.

ವಾದ ಹತ್ತು ನಿಮಿಷದಲ್ಲಿ ಕಾವೇರಿತು. ಅಮ್ಮ ತಾವು ಕೋಣೆಯಲ್ಲೇ ಇದ್ದುಬಿಡುತ್ತೇನೆಂದರು. ಹಾಗೆನ್ನುವುದು ತ್ಯಾಗವೋ ಬೆದರಿಕೆಯೋ ಎಂಬುದು ಎಲ್ಲ ಮನೆಗಳಲ್ಲಿಯೂ ಅರ್ಥವಾಗದ ವಿಷಯ. ಅಷ್ಟರಲ್ಲಿ ವಸತಿಗೃಹದ ಮೇನೇಜರರು ಅಲ್ಲಿಗೆ ಬಂದರು. ಅವರ ಪೂರ್ವಿಕರು ರಾಮನಾಥಪುರದ ಕಡೆಯವರು. ಅವರು ಹುಟ್ಟಿ ಬೆಳೆದದ್ದು ಇಲ್ಲಿಯೇ. ನಮ್ಮ ಗೊಂದಲವನ್ನು ಕೇಳಿ, ಯಾವುದು ಚೆನ್ನ ಯಾವುದು ಚೆನ್ನಲ್ಲವೆಂದು ಹೇಳದೆ, ಮೂರು ಪ್ರಶ್ನೆ ಹಾಕಿದರು.

“ನಿಮ್ಮಲ್ಲಿ ಈಜು ಬರುವವರು ಎಷ್ಟು ಮಂದಿ?”

“ಒಬ್ಬ, ನಾನು” ಎಂದೆ. ಬಾಲ್ಯದಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು ನಾನು. ಅದಾಗಿ ಇಪ್ಪತ್ತೈದು ವರ್ಷವಾಯಿತೆಂಬುದನ್ನು ಹೇಳಲು ಹೋಗಲಿಲ್ಲ.

“ನಿಮ್ಮ ವಿಮಾನ ಯಾವಾಗ?”

“ನಾಳಿದ್ದು ಬೆಳಿಗ್ಗೆ.”

“ಹಾಗಾದರೆ ಹ್ಯಾವ್‌ಲಾಕ್ ಬೇಡ. ವೇಗದ ಹಡಗಿನಲ್ಲಿಯೂ ಹೋಗಲು ಒಂದೂವರೆ ಗಂಟೆ, ಸರ್ಕಾರದ ಹಡಗಾದರೆ ಎರಡೂವರೆ. ಇಳಿದ ಮೇಲೆ ಎಲಿಫೆಂಟ್ ಬೀಚಿಗೆ ಮತ್ತೊಂದು ದೋಣಿ, ಇಲ್ಲವೇ ಕಾಡಿನ ನಡುವೆ ಕಾಲುದಾರಿ. ಈ ತಿಂಗಳಲ್ಲಿ ಐದು ಗಂಟೆ ದಾಟುತ್ತಲೇ ನಮಗೆ ಕತ್ತಲು. ಹವಾ ಕೆಟ್ಟು ಸಂಜೆಯ ಹಡಗು ನಿಂತುಹೋದರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಅಲ್ಲಿಗೆ ಹೋಗುವವರು ಅಲ್ಲಿ ಎರಡು ರಾತ್ರಿ ಉಳಿಯಬೇಕು. ಒಂದೇ ದಿನಕ್ಕೆ ಓಡಿಹೋಗಿ ಓಡಿಬರುವುದರಲ್ಲಿ ಹಡಗನ್ನು ನೋಡಿದಂತಾದೀತು, ಹವಳವನ್ನಲ್ಲ.”

ಮಗಳ ಮುಖ ಬಾಡಿತು. ಆದರೆ ಲೆಕ್ಕ ಅವಳಿಗೂ ಬರುತ್ತದೆ, ಸುಮ್ಮನಾದಳು.

ಅವರ ಮೂರನೆಯ ಪ್ರಶ್ನೆಯನ್ನು ನಾನು ಈಗಲೂ ನೆನೆಯುತ್ತೇನೆ. ಅಮ್ಮನ ಕಡೆ ತಿರುಗಿ, “ನೀರಿಗಿಳಿಯದೆ ಕುಳಿತಿರುವವರಿಗೆ ಏನು ಕಾಣಬೇಕು?” ಎಂದು ಕೇಳಿದರು.

ಪ್ರವಾಸದ ಯೋಜನೆ ಹಾಕುವಾಗ ನಾವು ಗಟ್ಟಿಗರನ್ನು ಮುಂದಿಟ್ಟುಕೊಂಡು ಸ್ಥಳವನ್ನು ಆರಿಸುತ್ತೇವೆ. ಹತ್ತಬಲ್ಲವನಿಗೆ ಬೆಟ್ಟ, ಈಜಬಲ್ಲವನಿಗೆ ಸಮುದ್ರ. ಉಳಿದವರು ಸಾಮಾನು ಕಾಯುತ್ತ ಕೂರುತ್ತಾರೆ. ಮೇನೇಜರರು ಆ ಸಾಮಾನು ಕಾಯುವವರಿಂದ ಲೆಕ್ಕ ಆರಂಭಿಸಿದ್ದರು. ಅವರು ಹೇಳಿದ್ದಿಷ್ಟು: ನಾರ್ತ್ ಬೇಯಲ್ಲಿ ವಯಸ್ಸಾದವರಿಗೆ ಹತ್ತಿ ಇಳಿಯುವುದು ಸುಲಭ, ಆದರೆ ಜನಸಂದಣಿ ಹೆಚ್ಚು, ಮೋಟಾರು ದೋಣಿಗಳ ಓಡಾಟ ಹೆಚ್ಚು, ದಡದ ಸಮೀಪದ ಹವಳ ತುಳಿತಕ್ಕೆ ಸಿಕ್ಕಿ ಬಹುಮಟ್ಟಿಗೆ ಸವೆದಿದೆ. ಜಾಲಿ ಬಾಯಿಯಲ್ಲಿ ದೋಣಿಕಟ್ಟೆಯೂ ಇಲ್ಲ. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಿ, ಅಲ್ಲಿಂದ ಮರಳಿಗೆ ಇಳಿಯಬೇಕು. ಅಮ್ಮನನ್ನು ಇಬ್ಬರು ಹಿಡಿದುಕೊಳ್ಳಬೇಕಾದೀತು. ಆದರೆ ಆ ಸಣ್ಣ ದೋಣಿಯ ತಳ ಗಾಜಿನದು. ನೀರಿಗಿಳಿದವರಿಗೆ ಕಾಣುವುದರಲ್ಲಿ ಬಹುಭಾಗ ಅಮ್ಮನಿಗೂ ಕಾಣುತ್ತದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. “ಆ ದೀಪದ ಕಂಬವನ್ನು ನಿನ್ನೆ ದೋಣಿಯಿಂದಲೇ ಕಂಡೆನಲ್ಲ. ನೋಟಿನ ಋಣ ತೀರಿತು. ಇನ್ನು ನೋಟಿನಲ್ಲಿ ಇಲ್ಲದ್ದನ್ನು ನೋಡೋಣ” ಎಂದರು. ತೀರ್ಮಾನವಾಯಿತು. ಅದೃಷ್ಟವಶಾತ್ ಮಾರನೆಯ ದಿನ ಸೋಮವಾರವಾಗಿರಲಿಲ್ಲ. ಸೋಮವಾರ ಉದ್ಯಾನಕ್ಕೆ ರಜೆ.

ಬೆಳಿಗ್ಗೆ ವಂಡೂರಿನ ಬಂದರಿನಲ್ಲಿ ನಮ್ಮ ಚೀಲಗಳ ಶೋಧನೆ ನಡೆಯಿತು. ಮದ್ದುಗುಂಡಿಗಾಗಿ ಅಲ್ಲ, ಪ್ಲಾಸ್ಟಿಕ್ಕಿಗಾಗಿ. ಬಿಸ್ಕತ್ತಿನ ಪೊಟ್ಟಣದ ಮೇಲುಹೊದಿಕೆ ಸಹ ಆ ದ್ವೀಪಕ್ಕೆ ಸಲ್ಲದು. ನೀರಿನ ಬಾಟಲಿಗೆ ಠೇವಣಿ ಕಟ್ಟಬೇಕು. ಬಾಟಲಿಯನ್ನು ಮರಳಿ ತಂದು ತೋರಿಸಿದರೆ ಹಣ ವಾಪಸು. ನನ್ನಾಕೆ ಚಪಾತಿ ಪಲ್ಯಗಳನ್ನು ಸ್ಟೀಲಿನ ಡಬ್ಬಿಗೆ ತುಂಬಿ ತಂದಿದ್ದಳು. ಕಾವಲಿನವರು ಮುಚ್ಚಳ ತೆರೆದು ನೋಡಿ ಮೆಚ್ಚಿ ತಲೆಯಾಡಿಸಿದರು. ನನ್ನ ಚೀಲದಲ್ಲಿ ಸಿಕ್ಕ ಎರಡು ಪ್ಲಾಸ್ಟಿಕ್ ಕೊಟ್ಟೆಗಳು ಮಾತ್ರ ಅಲ್ಲಿಯೇ ಉಳಿದವು.

ದೋಣಿ ಹೊರಟಿತು. ಮೊದಲರ್ಧ ದಾರಿ ಸಮುದ್ರವೆನ್ನಿಸುವುದೇ ಇಲ್ಲ. ಎರಡು ಪಕ್ಕದಲ್ಲಿಯೂ ದ್ವೀಪಗಳು, ಅವುಗಳ ಅಂಚಿನಲ್ಲಿ ನಮ್ಮ ಕರಾವಳಿಯವರು ಕಾಂಡ್ಲವೆನ್ನುವ ಗಿಡಗಳ ಕಾಡು. ಬೇರುಗಳು ಕೆಸರಿನಿಂದ ಮೇಲೆದ್ದು ಕಾಲೂರಿ ನಿಂತಿವೆ. ಈ ಕಾಡಿನ ಕಾಲುವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಅಂಡಮಾನಿನಲ್ಲಿ ಎಚ್ಚರಿಕೆಯ ಫಲಕವಿರುವ ದಡದಲ್ಲಿ ನೀರಿಗಿಳಿಯುವ ಹುಂಬತನವನ್ನು ಯಾರೂ ಮಾಡಬಾರದು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಈ ದಕ್ಷಿಣದ ನೆಲ ತಗ್ಗಿ ಗದ್ದೆಗಳೊಳಕ್ಕೆ ಕಡಲು ನುಗ್ಗಿತೆಂದೂ, ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಸತ್ತವೆಂದೂ ನಾನು ಮಗಳಿಗೆ ವಿವರಿಸಿದೆ. “ಹಾಗಾದರೆ ದ್ವೀಪವೂ ತಕ್ಕಡಿಯ ಹಾಗೆಯೇ, ಅಪ್ಪ?” ಎಂದಳು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಜಾಲಿ ಬಾಯ್ ಕಾಣಿಸಿದಾಗ ಅದರ ಸುತ್ತ ನೀರಿಗೆ ಮೂರು ಬಣ್ಣವಿತ್ತು: ದೂರದಲ್ಲಿ ಮಸಿಯ ನೀಲಿ, ನಡುವೆ ನವಿಲಿನ ಕತ್ತಿನ ಹಸಿರು, ದಡದಲ್ಲಿ ಎಳನೀರಿನ ತಿಳಿ. ದೊಡ್ಡ ದೋಣಿ ನಿಂತಿತು. ಗಾಜುತಳದ ಸಣ್ಣ ದೋಣಿ ಪಕ್ಕಕ್ಕೆ ಬಂತು. ಅಮ್ಮನನ್ನು ಒಂದು ಕಡೆಯಿಂದ ನಾನು, ಮತ್ತೊಂದು ಕಡೆಯಿಂದ ನಾವಿಕ ಹಿಡಿದು ದಾಟಿಸಿದೆವು. ಆ ಒಂದು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳಿಸುತ್ತಿತ್ತು. ಅಮ್ಮ ಮಾತ್ರ ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿ, ಗದ್ದೆಯ ಬದು ದಾಟಿದಷ್ಟೇ ಸಲೀಸಾಗಿ ದಾಟಿ ಗಾಜಿನ ಮುಂದೆ ಕುಳಿತರು.

ಕುಳಿತವರು ಎರಡು ನಿಮಿಷದ ಮೇಲೆ ಕೇಳಿದ ಮೊದಲ ಪ್ರಶ್ನೆ: “ಹವಳ ಎಲ್ಲಿ?”

“ಇದೇ ಅಮ್ಮ, ಕೆಳಗಿರುವುದೆಲ್ಲ ಹವಳವೇ.”

“ಇದೇನೋ ಕಂದುಬಣ್ಣ! ಹವಳವೆಂದರೆ ಕೆಂಪಲ್ಲವೆ?” ಎನ್ನುತ್ತ ಸೊಸೆಯ ಕರಿಮಣಿ ಸರದ ಹವಳದ ಕಡೆ ಬೆರಳು ತೋರಿಸಿದರು.

ಹಳಗನ್ನಡದ ಪವಳವೇ ನಮ್ಮ ಹವಳ. ಸಂಸ್ಕೃತದಲ್ಲಿ ಪ್ರವಾಳ, ವಿದ್ರುಮ. ಕವಿಗಳು ಸಾವಿರ ವರ್ಷದಿಂದ ನಾಯಿಕೆಯ ತುಟಿಗೆ ಹೋಲಿಸಿದ್ದು ಇದನ್ನೇ ಎಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆ ಕೆಂಪು ಹವಳ ಬೇರೆಯೇ ಒಂದು ಜಾತಿ. ಒಡವೆಯ ಕೆಂಪು ಹವಳವೆಂದು ಪ್ರಸಿದ್ಧವಾದುದು ಬಹು ದೂರದ ಮೆಡಿಟರೇನಿಯನ್ ಸಮುದ್ರದ್ದು. ದ್ವೀಪ ಕಟ್ಟುವ ಹವಳ ಬದುಕಿರುವಾಗ ಬಹುಮಟ್ಟಿಗೆ ಕಂದು, ಹಸಿರುಗಂದು, ಮಂಕು ಹಳದಿ. ಅದು ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಾಸಿವೆ ಮೆಣಸುಗಳ ಗಾತ್ರದ ಲಕ್ಷಾಂತರ ಪ್ರಾಣಿಗಳು ಒತ್ತಾಗಿ ನೆಲೆಸಿದ ಒಂದು ಊರು. ಪ್ರತಿಯೊಂದು ಪ್ರಾಣಿಯೂ ನೀರಿನೊಳಗಿನ ಸುಣ್ಣವನ್ನು ಹೀರಿ ತನ್ನ ಕಾಲಡಿಯಲ್ಲಿ ತಾನೇ ಮನೆ ಕಟ್ಟುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಕಣಗಳು ವಾಸವಾಗಿವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಮನೆಯೊಡೆಯನಿಗೆ ಬಾಡಿಗೆಯಂತೆ ಕೊಡುತ್ತವೆ. ಆ ಕಂದುಬಣ್ಣ ಪಾಚಿಯದೇ.

ಸಮುದ್ರದ ಕಾವು ಬೇಸಿಗೆಯ ಸಹಜ ಮಿತಿಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಬಾಳುವೆ ಮುರಿದುಬೀಳುತ್ತದೆ. ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ, ಬಣ್ಣಗೆಟ್ಟು ಬೆಳ್ಳಗಾಗುತ್ತದೆ. ಕಾವು ಬೇಗ ಇಳಿದರೆ ಚೇತರಿಸಿಕೊಂಡೀತು; ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಕ್ಕೆ ಈ ಗತಿ ಬಹು ದೊಡ್ಡ ಪ್ರಮಾಣದಲ್ಲಿ ಒದಗಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಪ್ರಪಂಚದ ಸಾಗರಗಳಿಗೆಲ್ಲ ಇಂಥದೇ ನಾಲ್ಕನೆಯ ಗಂಡಾಂತರ ಬಂದಿದೆಯೆಂದು ಸಾರಿದರು. ಹಾಗಾಗಿ ಹವಳದ ತಾಣದಲ್ಲಿ ಬೆಳ್ಳಗೆ ಹೊಳೆಯುವುದನ್ನು ಕಂಡು “ಆಹಾ” ಎನ್ನುವುದು ಬಹುಶಃ ಹೆಣವನ್ನು ಕಂಡು “ಆಹಾ” ಎಂದಂತೆ. ನಾವಿಕ ಅಲ್ಲಲ್ಲಿ ಬೂದುಬಣ್ಣದ ಮುರಿದ ರಾಶಿಗಳನ್ನು ತೋರಿಸಿ, “ಇದು ಹಳೆಯದು, ಸತ್ತದ್ದು” ಎಂದ. ಅದರ ಮೇಲೆಯೇ ಅಂಗೈಯಗಲ ಮೂಡಿದ್ದ ಕಂದು ಚಿಗುರನ್ನು ತೋರಿಸಿ, “ಇದು ಹೊಸದು” ಎಂದ. ಅಮ್ಮ ಆಮೇಲೆ ಕೆಂಪನ್ನು ಹುಡುಕಲಿಲ್ಲ. ಮಿದುಳಿನಂತೆ ಸುರುಳಿಗೊಂಡ ಗುಂಡುಗಳು, ಸಾರಂಗದ ಕೊಂಬುಗಳು, ಮಡಿಕೆಬಿದ್ದ ನೀಲಿ ತುಟಿಗಳನ್ನು ತೆರೆದುಕೊಂಡಿದ್ದ ದೈತ್ಯ ಚಿಪ್ಪು, ಅದರ ಮೇಲೆ ಹಾದುಹೋಗುವ ಹಳದಿ ಪಟ್ಟೆಯ ಮೀನಿನ ಹಿಂಡು, ಇವೆಲ್ಲವನ್ನೂ ಕತ್ತು ಬಗ್ಗಿಸಿ ನೋಡುತ್ತಲೇ ಇದ್ದರು.

ಇನ್ನು ನನ್ನ ಪ್ರತಾಪದ ಸರದಿ. ಮಾರ್ಗದರ್ಶಕನಾಗಿ ಬಂದ ಯುವಕ ನಮಗೆಲ್ಲ ತೇಲುವ ಅಂಗಿ ತೊಡಿಸಿ, ಮುಖವಾಡದ ಗಾಜಿಗೆ ಎಂಜಲು ಸವರಿ ತೊಳೆಯಲು ಹೇಳಿಕೊಟ್ಟ. ಹಾಗೆ ಮಾಡಿದರೆ ಗಾಜು ಮಂಜಾಗುವುದಿಲ್ಲ. ಆಮೇಲೆ ಮೂರು ಮಾತು ಹೇಳಿದ: ಏನನ್ನೂ ಮುಟ್ಟಬಾರದು, ಕಾಲು ಕೆಳಗೆ ಬಿಡಬಾರದು, ಟ್ಯೂಬಿನ ಹಗ್ಗ ಬಿಡಬಾರದು. ನನ್ನಾಕೆಯೂ ಮಗಳೂ ಶಿಷ್ಯರಂತೆ ತಲೆಯಾಡಿಸಿ, ಅವನು ಎಳೆಯುವ ಗಾಳಿ ತುಂಬಿದ ಟ್ಯೂಬಿನ ಹಗ್ಗ ಹಿಡಿದು ಹೊರಟರು. ನಾನು ಈಜು ಬಲ್ಲವನಲ್ಲವೆ? ಹಗ್ಗ ಬೇಡವೆಂದೆ. “ಹತ್ತಿರದಲ್ಲೇ ಇರಿ, ಸಾರ್” ಎಂದ ಅವನು.

ಮೊದಲ ಐದು ನಿಮಿಷ ನಾನು ಈ ಲೋಕದಲ್ಲಿರಲಿಲ್ಲ. ಕಿವಿಯಲ್ಲಿ ನನ್ನ ಉಸಿರಿನ ಸದ್ದು, ಅದರ ಜೊತೆಗೆ ಯಾರೋ ಕಲ್ಲುಸಕ್ಕರೆ ಕಡಿಯುವಂತಹ ಕಟಕಟ ಸದ್ದು. ಅದು ಗಿಣಿಮೀನು, ಕೊಕ್ಕಿನಂಥ ಹಲ್ಲುಗಳಿಂದ ಹವಳದ ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತದೆ. ನುಂಗಿದ ಸುಣ್ಣ ಅರೆದು ಮರಳಾಗಿ ಹಿಂದಿನಿಂದ ಹೊರಬೀಳುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಬಂದದ್ದು. ಈ ಸಂಗತಿಯನ್ನು ದಡದಲ್ಲಿ ಅಮ್ಮನಿಗೆ ತಿಳಿಸಿದಾಗ ಅವರು ಕುಳಿತಿದ್ದ ಮರಳಿನಿಂದ ಥಟ್ಟನೆ ಎದ್ದು ಸೀರೆ ಕೊಡವಿಕೊಂಡರು. ಅದು ಆಮೇಲಿನ ಮಾತು.

ಆರನೆಯ ನಿಮಿಷದಲ್ಲಿ ಎಲ್ಲಿಂದಲೋ ಒಂದು ಸಣ್ಣ ಅಲೆ ಬಂದು ಕೊಳವೆಯೊಳಗೆ ಉಪ್ಪುನೀರು ತುಂಬಿತು. ಊರ ಬಾವಿಯಲ್ಲಿ ಕಲಿತ ವಿದ್ಯೆಯಲ್ಲಿ ಕೊಳವೆಯ ಪಾಠವಿರಲಿಲ್ಲ. ಗಂಟಲಿಗೆ ನೀರು ಹತ್ತಿತು. ಮೂಗಿನಿಂದ ಉಸಿರೆಳೆಯಲು ಹೋದೆ, ಮುಖವಾಡ ಮುಖಕ್ಕೆ ಕಚ್ಚಿಕೊಂಡಿತು. ತೇಲುವ ಅಂಗಿ ಮೈಮೇಲಿದ್ದುದರಿಂದ ಮುಳುಗುವ ಭಯವಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ನೆನಪಿಗೆ ಬರುವುದಿಲ್ಲ. ನೀರು ಎದೆಮಟ್ಟದ್ದಷ್ಟೇ ಇತ್ತು. ಕಾಲು ಕೆಳಗೆ ಬಿಟ್ಟೆ. ಏನೋ ಕಾಲಿಗೆ ತಾಗಿತು. ಪೂರ್ತಿ ಭಾರ ಹಾಕಿ ನಿಂತೆ. ಕಾಲಡಿಯಲ್ಲಿ ಹಪ್ಪಳ ಮುರಿದಂತಾಯಿತು.

ಯುವಕ ಎರಡು ಬೀಸಿನಲ್ಲಿ ಬಂದು ನನ್ನ ಕಂಕುಳಿಗೆ ಕೈಹಾಕಿ ಮೇಲೆತ್ತಿ ತೇಲಿಸಿದ. ಬೈಯಲಿಲ್ಲ. ನನ್ನ ಕೆಮ್ಮು ನಿಲ್ಲುವವರೆಗೆ ಕಾದು, “ಇನ್ನು ಹಗ್ಗ ಹಿಡಿಯಿರಿ” ಎಂದಷ್ಟೇ ಹೇಳಿದ. ಮತ್ತೆ ಮುಖವನ್ನು ನೀರಿಗಿಟ್ಟು ನೋಡಿದೆ. ಕೊಂಬಿನಂಥ ಹವಳದ ಪೊದೆಯೊಂದರ ಒಂದು ಪಕ್ಕ ಮುರಿದಿತ್ತು. ಬೆರಳುದ್ದದ ಮೂರು ನಾಲ್ಕು ತುಂಡುಗಳು ಮರಳಿನ ಮೇಲೆ ಬಿದ್ದಿದ್ದವು. ಮುರಿದ ಬಾಯಿ ಹಾಲಿನಂತೆ ಬೆಳ್ಳಗಿತ್ತು. ಪೊದೆಯೊಳಗೆ ಮನೆ ಮಾಡಿದ್ದ ಉಗುರಿನಷ್ಟು ಚಿಕ್ಕ ನೀಲಿ ಮೀನುಗಳು ಮುರಿದ ಕಡೆಯನ್ನು ಬಿಟ್ಟು ಇನ್ನೊಂದು ಕಡೆಗೆ ಸರಿದು ಗುಂಪಾಗಿ ನಿಂತಿದ್ದವು. ಟ್ಯೂಬಿನ ಆಚೆಯಿಂದ ಮಗಳು ಇದನ್ನೆಲ್ಲ ನೋಡುತ್ತಿದ್ದಳು.

ಹವಳವನ್ನು ಮುರಿಯುವುದೂ ಒಯ್ಯುವುದೂ ನಮ್ಮ ದೇಶದಲ್ಲಿ ಅಪರಾಧ. ದಿಬ್ಬ ಕಟ್ಟುವ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು. ನನ್ನದು ಬೇಕೆಂದು ಮಾಡಿದ ತಪ್ಪಲ್ಲ. ಆದರೆ ಹಗ್ಗ ಬೇಡವೆಂದದ್ದು ಬೇಕೆಂದೇ ಹೇಳಿದ ಮಾತು.

ದಡಕ್ಕೆ ಬಂದು ಚಪಾತಿ ತಿನ್ನುವಾಗ ಮಗಳು ಕೇಳಿದಳು: “ಅಪ್ಪ, ಅದು ಮತ್ತೆ ಬೆಳೆಯುವುದಕ್ಕೆ ಎಷ್ಟು ದಿನ ಬೇಕು?”

ಪ್ರಶ್ನೆಯನ್ನು ಯುವಕನಿಗೆ ದಾಟಿಸಿದೆ. ಕೊಂಬಿನ ಜಾತಿಯದು ಬೇಗ ಬೆಳೆಯುತ್ತದೆ, ಎಲ್ಲ ನೆಟ್ಟಗಿದ್ದರೆ ವರ್ಷಕ್ಕೆ ಬೆರಳುದ್ದದಷ್ಟು ಬೆಳೆದರೂ ಬೆಳೆದೀತು ಎಂದ. ಗುಂಡು ಬಂಡೆಯ ಜಾತಿಯದಾದರೆ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಚೀಚೆ. ನಾವು ನೋಡಿದ ದೊಡ್ಡ ಗುಂಡುಗಳು ನಮ್ಮ ಮುತ್ತಜ್ಜಂದಿರ ವಯಸ್ಸಿನವು.

“ಎಂದರೆ ನಾನು ಆರನೇ ಕ್ಲಾಸಿನಿಂದ ಏಳಕ್ಕೆ ಹೋಗುವಷ್ಟು ದಿನ” ಎಂದಳು ಮಗಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಬರಿಯ ಲೆಕ್ಕವಿತ್ತು. ಆದರೂ ನನಗೆ ಚಪಾತಿ ಗಂಟಲಿನಲ್ಲಿ ಇಳಿಯಲಿಲ್ಲ.

ಆಗ ಯುವಕನೇ ಮಾತು ಬದಲಿಸಲೋ ಎಂಬಂತೆ ಈ ದ್ವೀಪದ ಒಂದು ಕಟ್ಟಳೆಯನ್ನು ಹೇಳಿದ. ಜಾಲಿ ಬಾಯಿಗೆ ಪ್ರವಾಸಿಗಳನ್ನು ಬಿಡುವುದು ನವೆಂಬರಿನಿಂದ ಮೇ ತಿಂಗಳ ನಡುವಿನವರೆಗೆ ಮಾತ್ರ. ಅಲ್ಲಿಂದಾಚೆಗೆ ಇದಕ್ಕೆ ಬೀಗ. ಉದ್ಯಾನದ ಇನ್ನೊಂದು ದ್ವೀಪವಾದ ರೆಡ್ ಸ್ಕಿನ್ನಿನ ಬಾಗಿಲು ತೆರೆಯುತ್ತದೆ. ಅದಕ್ಕೆ ಜನ ಹೋಗುವಾಗ ಇದಕ್ಕೆ ವಿಶ್ರಾಂತಿ, ಇದಕ್ಕೆ ಜನ ಬರುವಾಗ ಅದಕ್ಕೆ ವಿಶ್ರಾಂತಿ.

“ನಿಮ್ಮ ತಾತ ಹೊಲವನ್ನು ಬೀಳು ಬಿಡುತ್ತಿದ್ದರಲ್ಲ, ಹಾಗೆ” ಎಂದರು ಅಮ್ಮ. “ಮೇಲಿನ ಹೊಲ ಉತ್ತ ವರ್ಷ ಕೆಳಗಿನದು ಬೀಳು. ನೆಲಕ್ಕೂ ಆಯಾಸವಿರುತ್ತದೆ ಎನ್ನುತ್ತಿದ್ದರು.”

ಹಿಂದಿನ ಸಂಜೆ ಮೇನೇಜರರ ಪ್ರಶ್ನೆಯಿಂದ ನಾನು ಕಲಿತದ್ದು ಅರ್ಧ ಪಾಠವೆಂದು ಆಗ ಹೊಳೆಯಿತು. ಸ್ಥಳವನ್ನು ಆರಿಸುವಾಗ ನಮ್ಮೊಳಗಿನ ದುರ್ಬಲರನ್ನು ಮುಂದಿಟ್ಟುಕೊಂಡು ಆರಿಸಬೇಕು, ನಿಜ. ಆದರೆ ಆ ದಿನ ಆ ನೀರಿನಲ್ಲಿ ಎಲ್ಲರಿಗಿಂತ ದುರ್ಬಲವಾದುದು ಅರವತ್ತೆಂಟು ವರ್ಷದ ಅಮ್ಮನಾಗಿರಲಿಲ್ಲ. ನನ್ನ ಕಾಲಡಿಯ ಹವಳವಾಗಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದ ಸ್ಥಳವನ್ನು ನಾವು ಆರಿಸಿದ್ದೆವು. ನಾನೊಬ್ಬ ಮಾತ್ರ ಲೆಕ್ಕ ತಪ್ಪಿದ್ದೆ.

ಊಟದ ನಂತರ ಮತ್ತೊಮ್ಮೆ ನೀರಿಗಿಳಿದೆವು. ಈ ಸಲ ಟ್ಯೂಬಿನ ಒಂದು ಕಡೆ ನಾನು, ಇನ್ನೊಂದು ಕಡೆ ಮಗಳು, ನಡುವೆ ನನ್ನಾಕೆ. ಈಜು ಬಾರದ ನನ್ನಾಕೆ ಅರ್ಧ ಗಂಟೆ ತಲೆಯೆತ್ತದೆ ತೇಲಿದಳು. ಮೇಲೆ ಬಂದಾಗ, “ರೀ, ಕೊಳವೆಯೊಳಗೆ ನೀರು ಬಂದರೆ ಜೋರಾಗಿ ಊದಿಬಿಟ್ಟರಾಯಿತು. ಆ ಹುಡುಗ ಮೊದಲೇ ಹೇಳಿದ್ದನಲ್ಲ; ನೀವು ಆಗ ಸಮುದ್ರವನ್ನು ವರ್ಣಿಸುತ್ತಿದ್ದಿರಿ” ಎಂದಳು.

ಹೀಗೆಯೇ ಹವಳ ನೋಡಲು ಹೊರಡುವ ವಾಚಕರಿಗೆ ಉಪಯೋಗವಾಗಬಹುದಾದ ನಾಲ್ಕು ಮಾತು. ಒಂದೇ ದಿನವಿದ್ದರೆ ದೂರದ ದ್ವೀಪದ ಆಸೆ ಬಿಡಿ. ತಿಂಗಳನ್ನು ನೋಡಿಕೊಂಡು ಹೊರಡಿ: ಡಿಸೆಂಬರಿನಿಂದ ಏಪ್ರಿಲಿನವರೆಗೆ ಅಲ್ಲಿ ಕಡಲು ಹೆಚ್ಚು ಶಾಂತ, ನೀರು ಹೆಚ್ಚು ತಿಳಿ. ಬಿಸಿಲಿಗೆ ಬಳಿಯುವ ಲೇಪನಗಳಲ್ಲಿ ಕೆಲವು ಹವಳಕ್ಕೆ ಹಾನಿಕರ. ತುಂಬುತೋಳಿನ ಅಂಗಿಯೇ ಸಾಕು. ಈಜು ಬರಲಿ ಬಾರದಿರಲಿ, ಹಗ್ಗ ಹಿಡಿಯಿರಿ. ಬಂಗಾಳ ಕೊಲ್ಲಿಯನ್ನು ದಾಟಲಾಗದವರಿಗೆ ನಮ್ಮ ಕರಾವಳಿಯಲ್ಲೇ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿಯಿದೆ. ಅಲ್ಲಿಯೂ ಹವಳವುಂಟು, ಬಣ್ಣದ ಮೀನುಂಟು. ಆದರೆ ಅದು ಕಡಿದಾದ ಬಂಡೆಯ ದ್ವೀಪ, ದೋಣಿಯಿಂದ ನೇರವಾಗಿ ಆಳದ ನೀರಿಗೇ ಇಳಿಯಬೇಕು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಅಜ್ಜಿಯರೂ ಮಕ್ಕಳೂ ಹೋಗಬಹುದು. ಆದರೆ ಅಲ್ಲಿ ನೋಡಬೇಕಾದುದು ಕಂಬ ಕಂಬವಾಗಿ ನಿಂತ ಲಾವಾ ಶಿಲೆ, ಹವಳವಲ್ಲ. ಯಾರು ಹೋಗುತ್ತಾರೆಂಬುದನ್ನು ಮೊದಲು ನಿಶ್ಚಯಿಸಿ. ಎಲ್ಲಿಗೆಂಬುದು ತಾನಾಗಿ ನಿಶ್ಚಯವಾಗುತ್ತದೆ.

ಮೂರು ಗಂಟೆಯ ಹೊತ್ತಿಗೆ ವಂಡೂರಿಗೆ ಹಿಂತಿರುಗಿದೆವು. ಬಾಟಲಿಗಳನ್ನು ಎಣಿಸಿ ಕೊಟ್ಟು ಠೇವಣಿಯ ಹಣ ವಾಪಸು ಪಡೆದೆ. ಆ ರಾತ್ರಿ ಅಮ್ಮ ಕೆಂಪು ನೋಟನ್ನು ತೆಗೆದು ಮೊಮ್ಮಗಳ ಕೈಗಿಟ್ಟು, “ಇನ್ನು ಇದು ನಿನ್ನದು” ಎಂದರು.

ಮಗಳು ನೋಟಿನ ಸಮುದ್ರದ ಮೇಲೆ ಬೆರಳಾಡಿಸುತ್ತ ಕೇಳಿದಳು: “ಬರುವ ಡಿಸೆಂಬರಿಗೆ ಅದು ಬೆಳೆದಿರುತ್ತದಲ್ಲವೆ, ಅಪ್ಪ?”

“ಈ ಬೇಸಿಗೆಯಲ್ಲಿ ಸಮುದ್ರ ಹೆಚ್ಚು ಕಾಯದಿದ್ದರೆ” ಎಂದೆ.

ಏಪ್ರಿಲ್ ಬಂದಿದೆ. ಮೈಸೂರಿನಲ್ಲಿ ಕುಳಿತು ಪತ್ರಿಕೆಯಲ್ಲಿ ಬಂಗಾಳ ಕೊಲ್ಲಿಯ ಹವಾ ವರ್ತಮಾನವನ್ನು ಎಂದೂ ಓದದಿದ್ದ ನಾನು ಈಗ ದಿನವೂ ಅದನ್ನೇ ಮೊದಲು ನೋಡುತ್ತೇನೆ.